ಚೊಚ್ಚಲ ಬಾಣಂತನ ಯಾರ ಮನೆಯಲ್ಲಿ

ಸರಸ್ವತಿಪುರಂ, ಮೈಸೂರು
೧೦ ಜೂನ್ ೨೦೨೪

ಶ್ರೀಮತಿ ದೇವಿರಮ್ಮನವರಿಗೆ ನಮಸ್ಕಾರ.

ನಿನ್ನೆ ಸಿಂಚನಳ ಸೀಮಂತದಲ್ಲಿ, ಆರತಿ ಹಿಡಿದು ನಿಂತ ಮುತ್ತೈದೆಯರ ಎದುರಿಗೆ, ನಾವಿಬ್ಬರು ಬೀಗಿತ್ತಿಯರು ದನಿ ಏರಿಸಿ ಆಡಿದ ಮಾತು ನನಗೆ ಶೋಭಿಸುವಂಥದಲ್ಲ. ನಿಮಗೆ ಶೋಭಿಸುತ್ತದೆಯೇ ಎಂಬುದನ್ನು ನೀವೇ ತೀರ್ಮಾನಿಸಿ. ಬೆಳಿಗ್ಗೆ ನಿಮ್ಮ ಯಜಮಾನರು ಫೋನು ಮಾಡಿದ್ದರು, ನಾನು ಎತ್ತಲಿಲ್ಲ. ಫೋನಿನಲ್ಲಿ ಮತ್ತೆ ಅದೇ ಕೂಗಾಟವಾದೀತು. ಇನ್ನು ಮುಂದೆ ಈ ವಿಷಯದಲ್ಲಿ ಹೇಳಬೇಕಾದುದನ್ನು ನಾನು ಬರೆದು ಹೇಳುತ್ತೇನೆ. ನೀವೂ ಬರೆದೇ ಹೇಳಿ. ಬರೆಯುವಾಗ ಮನುಷ್ಯರು ಸ್ವಲ್ಪ ಯೋಚಿಸುತ್ತಾರೆ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಿಮ್ಮ ಜನರಲ್ಲಿಯೂ ಇದೆ, ನಮ್ಮ ಜನರಲ್ಲಿಯೂ ಇದೆ. ನಾನೂ ನನ್ನ ತವರಿನಲ್ಲಿಯೇ ಹೆತ್ತವಳು. ಹಾಗಿದ್ದೂ ನನ್ನ ಸೊಸೆಯನ್ನು ಕಳುಹಿಸುವುದಿಲ್ಲವೆಂದು ಏಕೆ ಹೇಳಿದೆ? ನೀವು ಮಾಡಿದ್ದನ್ನು ನಾನು ನೋಡಿದೆ. ಬಸುರಿಯ ಎಲೆಗೆ ಬಡಿಸಿದ್ದ ಎರಡನೆಯ ಒಬ್ಬಟ್ಟನ್ನು ನೀವು ಎತ್ತಿ ಪಕ್ಕದವರ ಎಲೆಗೆ ಹಾಕಿದಿರಿ. “ಸಾಕು ಕಣವ್ವ, ಕೂಸು ದಪ್ಪಗಾದ್ರೆ ಹೆರೋಳು ನೀನು. ಸಣ್ಣ ಕೂಸಾದ್ರೆ ಸಲೀಸಾಗಿ ಬತ್ತದೆ” ಎಂದಿರಿ. ಸಿಂಚನ ತಲೆ ತಗ್ಗಿಸಿ ಎಲೆ ಮಡಚಿದಳು. ಏಳು ತಿಂಗಳ ಬಸುರಿ, ನಲವತ್ತೊಂದು ಕಿಲೋ ತೂಕ, ಇದಕ್ಕೆ ಮೊದಲು ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋಗಿದೆ. ಅವಳ ಎಲೆಯಿಂದ ಅನ್ನ ತೆಗೆಯುವ ಕೈಗೆ ಅವಳನ್ನು ಒಪ್ಪಿಸಲಾರೆ.

ಇಷ್ಟೇ ವಿಷಯ. ಕುಲದ ಮಾತು ನಾನು ಎತ್ತಿಲ್ಲ. ನನ್ನ ಮಗ ಶಿವಕುಮಾರ ಒಕ್ಕಲಿಗರ ಹುಡುಗಿಯನ್ನು ಮೆಚ್ಚಿ ತಂದಾಗಲೂ ಎತ್ತಲಿಲ್ಲ.

ಇತಿ,
ಸರ್ವಮಂಗಳಾ ಏಕಾಂತಯ್ಯ
ನಿವೃತ್ತ ಮುಖ್ಯೋಪಾಧ್ಯಾಯಿನಿ


ಇಲವಾಲ
ಶುಕ್ರವಾರ

ಬೀಗಿತ್ತಿಯವರಿಗೆ ದೇವಿರಮ್ಮನ ನಮಸ್ಕಾರ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು. ತಪ್ಪಿದ್ರೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸಬೇಡಿ, ಓದ್ಕಂಡು ಅರ್ಥ ಮಾಡ್ಕಂಡ್ರೆ ಸಾಕು.

ಎರಡು ಕಾರು ಮಾಡ್ಕಂಡು ಬಂದಿದ್ವಿ, ಮಡ್ಲು ತುಂಬಿ ಮಗಳನ್ನ ಕರ್ಕಂಡು ಹೋಗಕ್ಕೆ. ಹಿಂದಿನ ಸೀಟಲ್ಲಿ ದಿಂಬು ಕೂಡ ಇಟ್ಟಿದ್ದೆ. ಊರಲ್ಲಿ ಇಳಿಯೋವಾಗ “ಎಲ್ಲವ್ವಾ ಮಗಳು?” ಅಂತ ಕೇಳಿದ್ರು. ಏನು ಹೇಳ್ಲಿ? ಮೇಡಮ್ಮೋರು ರಜಾ ಕೊಡ್ಲಿಲ್ಲ ಅಂತ ಹೇಳ್ಲಾ?

ಒಬ್ಬಟ್ಟಿನ ಮಾತಾಡಿದ್ರಿ. ನಮ್ಮಲ್ಲಿ ಬಸುರಿಗೆ ಏಳು ತುಂಬಿದ ಮೇಲೆ ಊಟ ಇಳಿಸ್ತೀವಿ. ನಮ್ಮತ್ತೆ ನನಗೆ ಇಳಿಸಿದ್ರು, ಅವರತ್ತೆ ಅವರಿಗೆ ಇಳಿಸಿದ್ರು. ನಾವೆಲ್ಲ ಸತ್ತೋಗ್ಬುಟ್ವಾ? ನಾನು ಹೆತ್ತ ಮಗಳು ಕಣ್ರೀ ಅವಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಮಗೆ ಅವಳ ಮೇಲೆ ನನಗಿಂತ ಜಾಸ್ತಿ ಪ್ರೀತಿ ಬಂದ್ಬುಡ್ತಾ?

ಕುಲದ ಮಾತು ಎತ್ತಿಲ್ಲ ಅಂತ ಬರೆದು ಎತ್ತಿದ್ರಲ್ಲ, ಅದನ್ನ ನೋಡಿ ನಗು ಬಂತು.

ದೇವಿರಮ್ಮ


ಸರಸ್ವತಿಪುರಂ, ಮೈಸೂರು
೧೯ ಜೂನ್ ೨೦೨೪

ಶ್ರೀಮತಿ ದೇವಿರಮ್ಮನವರಿಗೆ,

ನಿಮ್ಮ ಪತ್ರ ಬಂದಿತು. ಪತ್ರಕ್ಕೆ ತಾರೀಖು ಹಾಕಬೇಕು. ಶುಕ್ರವಾರಗಳು ವರ್ಷದಲ್ಲಿ ಐವತ್ತೆರಡು ಬರುತ್ತವೆ.

ನೀವು “ಸತ್ತೋಗ್ಬುಟ್ವಾ” ಎಂದು ಕೇಳಿದ್ದೀರಿ. ಉತ್ತರವನ್ನು ನಾನು ಹೇಳುವುದಕ್ಕಿಂತ ಡಾಕ್ಟರು ಹೇಳಿದ್ದನ್ನೇ ತಿಳಿಸುತ್ತೇನೆ. ನಿನ್ನೆ ಡಾಕ್ಟರ್ ಚಾಮುಂಡೇಶ್ವರಿಯವರ ಬಳಿ ಹೋಗಿದ್ದೆವು. ಅವರು ಸಿಂಚನಳನ್ನು ಅಳತೆಯ ಗೋಡೆಗೆ ನಿಲ್ಲಿಸಿದರು. ನಾಲ್ಕು ಅಡಿ ಏಳೂವರೆ ಅಂಗುಲ. “ಮೈ ನೆರೆದಿದ್ದು ಯಾವಾಗಮ್ಮ?” ಎಂದು ಕೇಳಿದರು. ಹದಿನಾರು ತುಂಬಿದ ಮೇಲೆ ಎಂದಳು. “ಹುಟ್ಟಿದಾಗ ಎಷ್ಟು ತೂಕ ಇದ್ದೆ?” “ತೂಗಿಲ್ಲ ಮೇಡಂ. ಮೊರದಲ್ಲಿ ಮಲಗಿಸಿದ್ರೆ ಇನ್ನೊಂದು ಕೂಸಿಗೆ ಜಾಗ ಇತ್ತು ಅಂತ ಅವ್ವ ಹೇಳ್ತಿರ್ತಾರೆ” ಎಂದು ನಕ್ಕಳು. ಡಾಕ್ಟರು ನಗಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ನೋಡಿ ಮೇಡಂ, ಗರ್ಭಕೋಶ, ಸೊಂಟದ ಮೂಳೆ, ಇವೆಲ್ಲ ಮದುವೆ ಆದ್ಮೇಲೆ ತಯಾರಾಗೋದಲ್ಲ. ಹೆಣ್ಣುಮಗು ತಾಯಿ ಹೊಟ್ಟೇಲಿರೋವಾಗ, ಹುಟ್ಟಿ ಒಂದೆರಡು ವರ್ಷದೊಳಗೆ ಅದಕ್ಕೆ ಬುನಾದಿ ಬೀಳುತ್ತೆ. ಆಗ ಊಟ ಕಮ್ಮಿ ಆದ್ರೆ ದೇಹ ಕಮ್ಮೀಲೇ ಬದುಕೋದು ಕಲ್ತುಬಿಡುತ್ತೆ. ಎತ್ತರ ಬರಲ್ಲ, ಸೊಂಟ ಅಗಲ ಆಗಲ್ಲ, ಮುಟ್ಟು ತಡ. ಹಿಂದಿನ ಎರಡು ಗರ್ಭ ಅದರಿಂದಲೇ ಹೋಯ್ತು ಅಂತ ನಾನು ಆಣೆ ಮಾಡಲ್ಲ. ಆದ್ರೆ ಈ ಮೈಗೆ ಬಸುರು ಹೊರೋದು ಕಷ್ಟ, ಅದು ಸತ್ಯ.”

ನಿಮ್ಮ ಮನೆಯಲ್ಲಿ ಬಡತನವಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನಾಲ್ಕು ಹಸು ಕಟ್ಟಿದ್ದ ಮನೆ. ಸೊಸೆಗೆ ದಿನವೂ ಹಾಲು ಕೊಡುವಾಗ ಅವಳು ಹೇಳುವ ಮಾತು ನಿಮಗೆ ತಿಳಿದಿರಲಿ: “ನಂಗೆ ಕರೀ ಟೀನೇ ಇಷ್ಟ ಅತ್ತೆ. ಹಾಲು ಡೇರಿಗೆ ಹೋಗ್ತಿತ್ತು, ಮಿಕ್ಕಿದ್ದು ಸಾಗರ್‌ಗೆ.” ದೂರಿನ ದನಿಯಲ್ಲಿ ಹೇಳುವುದಿಲ್ಲ. ಅದೇ ನನಗೆ ಸಹಿಸಲಾಗದು. ನಿಮ್ಮ ಮಗ ಸಾಗರ್ ಆರಡಿ ಬೆಳೆದಿದ್ದಾನೆ. ಅವನಿಗಿಂತ ಮೂರು ವರ್ಷ ದೊಡ್ಡವಳು ಅವನ ಭುಜಕ್ಕೂ ಬರುವುದಿಲ್ಲ. ಇದು ದೇವರು ಮಾಡಿದ್ದೆಂದು ದಯವಿಟ್ಟು ಬರೆಯಬೇಡಿ.

ಇತಿ,
ಸರ್ವಮಂಗಳಾ ಏಕಾಂತಯ್ಯ


ಇಲವಾಲ
ತಾರೀಖು 27-6-2024, ಗುರುವಾರ (ಹಾಕಿದೀನಿ, ನೋಡ್ಕಳಿ)

ಬೀಗಿತ್ತಿಯವರಿಗೆ ನಮಸ್ಕಾರ.

ದೇವರು ಮಾಡಿದ್ದು ಅಂತ ಬರೆಯಲ್ಲ. ಯಾರು ಮಾಡಿದ್ದು ಅಂತ ಬರೀತೀನಿ, ಓದಿ.

ನನಗೊಬ್ಬಳು ಅಕ್ಕ ಇದ್ಲು, ಪುಟ್ಟಲಿಂಗಮ್ಮ ಅಂತ. ನಾನು ಮದುವೆ ಆಗಿ ಬಂದ ಮನೆಗೇ ಅವಳೂ ಬಂದಿದ್ಲು, ನನ್ನ ಭಾವನ ಹೆಂಡ್ತಿ. ದಂಡಿಯಾಗಿ ಉಣ್ಣೋಳು, ನಗೋಳು. ಚೊಚ್ಚಲ ಹೆರಿಗೇಲಿ ಕೂಸು ಅಡ್ಡಕ್ಕೆ ನಿಂತ್ಕತು. ಎರಡು ದಿನ ಅರಚಿದ್ಲು. ಗಾಡಿ ಕಟ್ಟಿ ಮೈಸೂರಿಗೆ ತರೋವಾಗ ಹೂಟಗಳ್ಳೀನೂ ದಾಟಿರ್ಲಿಲ್ಲ, ಮುಗೀತು. ಕೂಸು ದಪ್ಪ ಇತ್ತು, ತಿಂದಿದ್ದು ಜಾಸ್ತಿ ಆಯ್ತು ಅಂದ್ರು ಎಲ್ರೂ. ಮುಂದಿನ ವರ್ಷ ನಾನು ಬಸುರಿ. ನಮ್ಮತ್ತೆ ನನಗೆ ದಿನಕ್ಕೆ ಒಂದು ಮುದ್ದೆ, ಅದೂ ಅರ್ಧ ಮುರ್ದು ಕೊಡೋರು. ಹಿಂಸೆ ಕೊಡಕ್ಕಲ್ಲ ಕಣ್ರೀ, ನಾನು ಸಾಯಬಾರ್ದು ಅಂತ. ಅಳ್ತಾ ಮುರಿಯೋರು. ಸಿಂಚನ ಬೆಕ್ಕಿನ ಮರಿಯಂಗೆ ಹುಟ್ಟಿದ್ಲು. ನಾನು ಬದುಕಿದೆ. ಊರೆಲ್ಲ ನಮ್ಮತ್ತೆ ಜಾಣೆ ಅಂದ್ರು.

ಎದೆ ಹಾಲು ಬರ್ಲಿಲ್ಲ. ಹಸೂನ ಹಾಲು ಅರ್ಧ, ನೀರು ಅರ್ಧ. ನೀವು ಕೇಳ್ತೀರ, ಹಂಗಾದ್ರೆ ಸಾಗರ್ ಎಂಗೆ ಬೆಳೆದ ಅಂತ. ಅವನು ಹೊಟ್ಟೇಲಿರೋವಾಗ ನಮ್ಮತ್ತೆ ತೀರ್ಕಂಡಿದ್ರು. ಸ್ಕ್ಯಾನಿಂಗೂ ಬಂದಿತ್ತು, ಆಪರೇಶನ್ನೂ ಬಂದಿತ್ತು. ನಾನು ಹೊಟ್ಟೆ ತುಂಬ ಉಂಡೆ. ಆಮೇಲೆ ಹುಡುಗ ಹಾಲು ಕೇಳಿದ, ಕೊಟ್ಟೆ. ಹುಡುಗಿ ಕೇಳ್ಲಿಲ್ಲ. ಕೇಳಿದ್ರೆ ಕೊಡ್ತಿದ್ದೆ. ನಿಜವಾಗ್ಲೂ ಕೊಡ್ತಿದ್ದೆ.

ನೀವು ಬಲೇ ಓದಿದೋರು, ನಿಮ್ಮನ್ನ ಒಂದು ಕೇಳ್ತೀನಿ. ಡಾಕ್ಟ್ರು ಮೊಟ್ಟೆ ಕೊಡಿ ಅಂದಿದಾರಂತೆ, ಶಿವಕುಮಾರ್‌ನವರು ಹೇಳಿದ್ರು. ನಿಮ್ಮ ಮನೇಲಿ ಮೊಟ್ಟೆ ಬೇಯ್ಸಿದೀರಾ? ಅವಳು ಹುಟ್ಟಿದ ಮನೇಲಿ ಮೊಟ್ಟೆ ಇದೆ, ಕೋಳಿ ಇದೆ. ಅವಳನ್ನ ಕಳಿಸಿ. ಒಬ್ಬಟ್ಟು ತೆಗೆಯಲ್ಲ, ಆಣೆ ಇಡ್ತೀನಿ. ಕಳಿಸೋಕೆ ಆಗಲ್ಲ ಅಂದ್ರೆ ನಾನೇ ಬೇಯ್ಸಿ ದಿನಾ ಬಸ್ಸಲ್ಲಿ ತಂದು ನಿಮ್ಮ ಗೇಟಲ್ಲಿ ಕೊಟ್ಟು ಹೋಗ್ತೀನಿ. ಒಳಗೂ ಬರಲ್ಲ.

ದೇವಿರಮ್ಮ


ಸರಸ್ವತಿಪುರಂ, ಮೈಸೂರು
೩ ಜುಲೈ ೨೦೨೪

ಶ್ರೀಮತಿ ದೇವಿರಮ್ಮನವರಿಗೆ,

ನಿಮ್ಮ ಅಕ್ಕನವರ ವಿಷಯ ತಿಳಿದು ವ್ಯಥೆಯಾಯಿತು. ನಿಮ್ಮ ಅತ್ತೆಯವರ ಭಯವನ್ನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಭಯಕ್ಕೆ ಕಾರಣವಿತ್ತೆಂದ ಮಾತ್ರಕ್ಕೆ ಹಸಿವು ಊಟವಾಗುವುದಿಲ್ಲ.

ನಮ್ಮ ಮನೆಯ ಒಲೆಯ ಮೇಲೆ ಮೊಟ್ಟೆ ಇಟ್ಟಿಲ್ಲ, ಇಡುವುದೂ ಇಲ್ಲ. ಗೇಟಿನವರೆಗೆ ತರುವ ಶ್ರಮ ನಿಮಗೆ ಬೇಡ. ಮೂರು ತಲೆಮಾರಿನಿಂದ ಲಿಂಗಪೂಜೆ ನಡೆಯುತ್ತಿರುವ ಮನೆ ಇದು; ಹೊರಗಿನಿಂದ ಬಂದದ್ದಾದರೂ ತಿನ್ನುವುದು ಒಳಗೇ ಅಲ್ಲವೇ? ಮೊಟ್ಟೆಯಲ್ಲಿರುವ ಸತ್ವ ಬೇರೆ ಪದಾರ್ಥಗಳಲ್ಲಿಯೂ ಇದೆ. ನಿಮ್ಮ ಮನೆಯಲ್ಲಿ ಇಪ್ಪತ್ತೇಳು ವರ್ಷದ ಹಿಂದೆ ಬಾಕಿ ಉಳಿಸಿದ್ದನ್ನು ನಾನು ಈ ಎರಡು ತಿಂಗಳಲ್ಲಿ ತುಂಬಿಸುತ್ತೇನೆ. ಬೆಳಿಗ್ಗೆ ಎದ್ದೊಡನೆ ಬಾದಾಮಿ ಹಾಲು. ತಿಂಡಿಗೆ ತುಪ್ಪದ ದೋಸೆ. ಹನ್ನೊಂದಕ್ಕೆ ಎರಡು ಅಂಟಿನುಂಡೆ. ಊಟಕ್ಕೆ ಕಾಳಿನ ಹುಳಿ, ಅನ್ನದ ಮೇಲೆ ತುಪ್ಪ, ಮಾವಿನ ಹಣ್ಣಿನ ಸೀಕರಣೆ. ಸಂಜೆ ಸಜ್ಜಿಗೆ, ಖರ್ಜೂರ. ಮಲಗುವ ಮೊದಲು ಮತ್ತೆ ಹಾಲು. ಸಿಂಚನ ಒಲ್ಲೆ ಎನ್ನುತ್ತಾಳೆ, ಅಭ್ಯಾಸವಿಲ್ಲದ ಹೊಟ್ಟೆ. ನಾನು ಎದುರಿಗೆ ಕುಳಿತು, ತಟ್ಟೆ ಖಾಲಿಯಾಗುವವರೆಗೂ ಏಳಗೊಡುವುದಿಲ್ಲ. ನಮ್ಮ ಯಜಮಾನರು ಹಾಸ್ಯ ಮಾಡುತ್ತಾರೆ: “ಕ್ಲಾಸ್ ಬಿಡೋ ಗಂಟೆ ಇನ್ನೂ ಹೊಡೆದಿಲ್ವೇನಮ್ಮಾ ಸಿಂಚನಾ?” ಮಾಡಲಿ. ಸೀಮಂತದ ದಿನಕ್ಕಿಂತ ಈಗ ನಾಲ್ಕು ಕಿಲೋ ಏರಿದ್ದಾಳೆ. ಕೆನ್ನೆ ತುಂಬಿಕೊಂಡಿದೆ. ಇಡೀ ವಠಾರದವರು ನೋಡಿ ಹೇಳುತ್ತಿದ್ದಾರೆ.

ನೀವು ಬಂದು ಕಣ್ಣಾರೆ ನೋಡಬಹುದು. ಬರಿಗೈಯಲ್ಲಿ ಬನ್ನಿ.

ಇತಿ,
ಸರ್ವಮಂಗಳಾ ಏಕಾಂತಯ್ಯ


ಇಲವಾಲ
17-7-2024

ಬೀಗಿತ್ತಿಯವರೇ,

ಎರಡು ವಾರದಿಂದ ನಿಮ್ಮ ಕಾಗದ ಇಲ್ಲ. ಸಾಗರ್ ಅವನ ಭಾವನಿಗೆ ಫೋನ್ ಮಾಡಿದ್ದ. ಸಿಂಚನನಿಗೆ ಸಕ್ಕರೆ ಬಂದಿದೆಯಂತೆ. ಬಿಪಿ ಏರಿದೆಯಂತೆ. ಕಾಲು ಊದಿ ಚಪ್ಪಲಿ ಹಿಡೀತಿಲ್ವಂತೆ. ಆರನೇ ತಿಂಗಳಲ್ಲಿ ಟೆಸ್ಟ್ ಮಾಡ್ಸಿದಾಗ ಸಕ್ಕರೆ ಇರ್ಲಿಲ್ಲ ತಾನೇ? ನಾನು ಕಮ್ಮಿ ಕೊಟ್ಟು ಕೆಡಿಸ್ದೆ. ನೀವು ಏನು ಕೊಟ್ರಿ? ಅದನ್ನ ಬರೀರಿ. ತುಂಬಿದ ಕೆನ್ನೆ ಅಂದ್ರಲ್ಲ, ಅದು ತುಂಬಿದ್ದಾ, ಊದಿದ್ದಾ?

ನಾನು ನಾಳೆ ಬತ್ತೀನಿ. ಬರಿಗೈಯಲ್ಲೇ ಬತ್ತೀನಿ. ಬಾಗಿಲು ತೆಗೀರಿ.

ದೇವಿರಮ್ಮ


ಸರಸ್ವತಿಪುರಂ, ಮೈಸೂರು
೩೦ ಜುಲೈ ೨೦೨೪

ಶ್ರೀಮತಿ ದೇವಿರಮ್ಮನವರಿಗೆ,

ಆಸ್ಪತ್ರೆಯ ಕಾರಿಡಾರಿನಲ್ಲಿ ನಾಲ್ಕು ದಿನ ಒಂದೇ ಬೆಂಚಿನ ಮೇಲೆ ಕುಳಿತೆವು. ಮಾತಾಡಲಿಲ್ಲ. ನೀವು ಇದ್ದಾಗ ಡಾಕ್ಟರು ಹೇಳಿದ್ದು ಸ್ವಲ್ಪ. ನೀವು ಸ್ನಾನಕ್ಕೆಂದು ಇಲವಾಲಕ್ಕೆ ಹೋಗಿದ್ದಾಗ ಹೇಳಿದ್ದು ಹೆಚ್ಚು. ಅದು ನಿಮಗೂ ತಿಳಿಯಬೇಕು. ಬೇರೆಯವರ ಬಾಯಿಂದ ತಿಳಿಯಬಾರದು.

ಬಿಪಿ ಇಳಿಯದೆ ಶುಕ್ರವಾರ ಹೊಟ್ಟೆ ಕುಯ್ದು ಮಗುವನ್ನು ತೆಗೆದದ್ದು ನಿಮಗೆ ಗೊತ್ತು. ಹೆಣ್ಣು, ಇನ್ನೂ ಎರಡು ಕಿಲೋ ಇಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ಸಾಗರ್ ರಕ್ತ ಕೊಟ್ಟ; ಅವನು ಗಟ್ಟಿಮುಟ್ಟಾದ ಹುಡುಗ, ಕೊಡುವಷ್ಟಿತ್ತು. ಆದರೂ ನಿಲ್ಲದೆ ಗರ್ಭಕೋಶವನ್ನೇ ತೆಗೆದರು. ಸಿಂಚನಳಿಗೆ ಇನ್ನು ಮಕ್ಕಳಾಗುವುದಿಲ್ಲ. ಈ ಮಾತನ್ನು ಅವಳಿಗೆ ಹೇಳಿದವನು ಶಿವಕುಮಾರ. ನಾನು ಹೇಳುತ್ತೇನೆಂದೆ. “ನೀನು ಬೇಡಮ್ಮ” ಎಂದ.

ಸಕ್ಕರೆ ಏಕೆ ಬಂತೆಂದು ನಾನು ಡಾಕ್ಟರನ್ನು ಕೇಳಿದೆ. ಅವರು ನನ್ನ ತಿಂಡಿಯ ವಿವರವನ್ನೆಲ್ಲ ಕೇಳಿಸಿಕೊಂಡರು. ಅವರ ಮಾತು ಇದು: “ಮೇಡಂ, ನೀವು ಕೆಟ್ಟದ್ದು ಮಾಡ್ಬೇಕು ಅಂತ ಮಾಡ್ಲಿಲ್ಲ. ಆದ್ರೆ ಚಿಕ್ಕಂದಿನಲ್ಲಿ ಊಟ ಕಮ್ಮಿ ಆದ ಮೈಗೆ ಒಂದೇ ಸಲ ಇಷ್ಟು ತುಪ್ಪ, ಸಿಹಿ ಸುರಿದ್ರೆ ಅದಕ್ಕೆ ಅರಗಿಸ್ಕೊಳ್ಳೋ ಶಕ್ತಿ ಇರಲ್ಲ. ಸಕ್ಕರೆ ರಕ್ತದಲ್ಲೇ ನಿಂತ್ಬಿಡುತ್ತೆ. ಇವಳಿಗೆ ಬೇಕಿದ್ದಿದ್ದು ಮೊಟ್ಟೆ, ಕಾಳು, ಸೊಪ್ಪು, ಕಬ್ಬಿಣದ ಮಾತ್ರೆ. ಅವತ್ತು ಕೊಡದೆ ಇದ್ದಿದ್ದನ್ನ ಈಗ ಒಟ್ಟಿಗೆ ಕೊಡಕ್ಕಾಗಲ್ಲ. ಬಿಪಿ ನಿಮ್ಮಿಂದಲೇ ಅಂತ ನಾನು ಹೇಳ್ತಿಲ್ಲ. ಇಂಥ ಮೈಯಲ್ಲಿ ಅದೂ ಬರುತ್ತೆ.” ಕೊನೆಗೆ, “ನಿಮ್ಮ ಮೊಮ್ಮಗಳು ಈಗ ಅವಳಮ್ಮ ಹುಟ್ಟಿದ ಹಾಗೇ ಹುಟ್ಟಿದಾಳೆ. ಇನ್ನು ಎರಡು ವರ್ಷ ಇದೆ ನಿಮಗೆ. ಇಬ್ಬರು ಅಜ್ಜಿಯರೂ ಸ್ವಲ್ಪ ಸುಮ್ಮನಿದ್ರೆ ಒಳ್ಳೇದು” ಎಂದರು.

ನಲವತ್ತು ವರ್ಷ ಯಾರೂ ನನಗೆ ಸುಮ್ಮನಿರಲು ಹೇಳಿರಲಿಲ್ಲ.

ಮಗುವನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ಕೊಟ್ಟ ಮೇಲೆ ತಾಯಿ ಮಗು ಇಬ್ಬರೂ ಇಲ್ಲಿಗೆ ಬರುತ್ತಾರೆ. ಆಸ್ಪತ್ರೆ ಹತ್ತಿರ, ಇಲವಾಲದಿಂದ ದೂರ. ಇದರಲ್ಲಿ ಚರ್ಚೆ ಬೇಡ.

ಇತಿ,
ಸರ್ವಮಂಗಳಾ ಏಕಾಂತಯ್ಯ


ಇಲವಾಲ
5-8-2024

ಬೀಗಿತ್ತಿಯವರೇ,

ಚರ್ಚೆ ಇದೆ. ಗರ್ಭಕೋಶ ಕಳ್ಕಂಡು ಬಿದ್ದಿರೋ ಮಗಳಿಗೆ ಅವ್ವ ಬೇಕು, ಹೆಡ್‌ಮಿಸ್ ಅಲ್ಲ. ಬಾಣಂತಿ ಕೋಣೆಗೆ ಸುಣ್ಣ ಬಳಿಸಿದೀನಿ. ಬೇವಿನ ಸೊಪ್ಪು, ಮೆಣಸು, ಬೆಳ್ಳುಳ್ಳಿ ಎಲ್ಲ ತಂದಿಟ್ಟಿದೀನಿ. ಬಾಣಂತಿಗೆ ನೀರು ಜಾಸ್ತಿ ಕೊಡಬೇಡಿ ಅಂತ ನರ್ಸ್‌ಗೆ ಹೇಳಿದ್ದೆ, ಅವಳು ನನ್ನೇ ಬೈದ್ಲು. ಕಳಿಸದಿದ್ರೆ ನಾನು ಆಸ್ಪತ್ರೆ ಬಾಗಿಲಿಂದಲೇ ಕರ್ಕಂಡು ಹೋಗ್ತೀನಿ. ನೀವು ಏನು ಮಾಡ್ಕತೀರೋ ಮಾಡ್ಕಳಿ.

ದೇವಿರಮ್ಮ


ಹೂಟಗಳ್ಳಿ
೮ ಸೆಪ್ಟೆಂಬರ್ ೨೦೨೪

ಅತ್ತೆಯವರಿಗೆ, ಅವ್ವನಿಗೆ,

ಇಬ್ಬರಿಗೂ ಒಂದೇ ಪತ್ರ ಬರೆದಿದ್ದೇನೆ. ಒಂದೊಂದು ಪ್ರತಿ ಕಳುಹಿಸುತ್ತಿದ್ದೇನೆ, ಒಬ್ಬರಿಗೆ ಒಂದು ಇನ್ನೊಬ್ಬರಿಗೆ ಇನ್ನೊಂದು ಹೇಳಿದೆ ಎಂದು ಆಗಬಾರದು.

ಆಸ್ಪತ್ರೆಯಿಂದ ನಾವು ಎರಡೂ ಮನೆಗೆ ಬರಲಿಲ್ಲ ಎಂದು ನಿಮಗೆ ಕೋಪ. ಅವ್ವ ಆಸ್ಪತ್ರೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿಕೊಂಡು ಕಾದರಂತೆ. ಅತ್ತೆ ಆರತಿ ತಟ್ಟೆ ಸಿದ್ಧ ಮಾಡಿದ್ದರಂತೆ. ನಾವು ಹಿಂದಿನ ಬಾಗಿಲಿಂದ ಆಟೋ ಹತ್ತಿದೆವು. ಶಿವು ಕಾರ್ಖಾನೆಗೆ ಹತ್ತಿರ ಎಂದು ಇಲ್ಲಿ ಒಂದು ಮನೆ ಹಿಡಿದಿದ್ದಾರೆ. ಎರಡೇ ಕೋಣೆ. ಮೊಟ್ಟೆಯನ್ನು ಶಿವು ಬೇಯಿಸುತ್ತಾರೆ. ಮೊದಲ ದಿನ ಸಿಪ್ಪೆ ಸುಲಿಯಲು ಬರದೆ ಅರ್ಧ ಮೊಟ್ಟೆ ಸಿಪ್ಪೆಯ ಜೊತೆ ಹೋಯಿತು.

ಅವ್ವ, ನೀನು ನನಗೆ ಕಡಿಮೆ ಕೊಟ್ಟೆ ಎಂದು ನಾನು ಯಾವತ್ತೂ ಯಾರಿಗೂ ದೂರಿಲ್ಲ. ಕೇಳಿದ್ದರೆ ಕೊಡುತ್ತಿದ್ದೆ ಎಂದು ಅತ್ತೆಗೆ ಬರೆದೆಯಂತೆ. ನಾನು ಒಂದು ಸಲ ಕೇಳಿದ್ದೆ ಅವ್ವ. ನಿನಗೆ ನೆನಪಿಲ್ಲ. ಅದಕ್ಕೇ ಮತ್ತೆ ಕೇಳಲಿಲ್ಲ.

ಅತ್ತೆ, ನೀವು ನನ್ನನ್ನು ಪ್ರೀತಿಯಿಂದಲೇ ಕೂರಿಸಿ ತಿನ್ನಿಸಿದಿರಿ. ನನಗೆ ವಾಂತಿ ಬರುತ್ತಿತ್ತು. ಹೇಳಿದರೆ, ಅಭ್ಯಾಸವಾಗುತ್ತದೆ ಎನ್ನುತ್ತಿದ್ದಿರಿ. ಬಚ್ಚಲಲ್ಲಿ ನಲ್ಲಿ ಬಿಟ್ಟು ವಾಂತಿ ಮಾಡುತ್ತಿದ್ದೆ, ನಿಮಗೆ ಕೇಳಿಸಬಾರದೆಂದು. ಡಾಕ್ಟರು ಬರೆದ ಕಬ್ಬಿಣದ ಮಾತ್ರೆಯೂ ಅದರ ಜೊತೆಗೇ ಹೋಗುತ್ತಿತ್ತು.

ನನ್ನ ಹೊಟ್ಟೆಯ ವಿಷಯದಲ್ಲಿ ನನ್ನನ್ನು ಬಿಟ್ಟು ಎಲ್ಲರೂ ಮಾತಾಡಿದಿರಿ. ಈಗ ಅದರಲ್ಲಿ ಯಾರಿಗೂ ಮಾತಾಡಲು ಏನೂ ಉಳಿದಿಲ್ಲ. ಮಗು ಉಳಿದಿದೆ. ಧರಣಿ ಎಂದು ಹೆಸರಿಟ್ಟಿದ್ದೇವೆ. ಅವಳಿಗೆ ಏನು, ಎಷ್ಟು, ಯಾವಾಗ ಎನ್ನುವುದು ಅವಳಿಗೂ ನನಗೂ ಡಾಕ್ಟರಿಗೂ ಸೇರಿದ್ದು. ನೋಡಲು ಬನ್ನಿ. ತಿಂಗಳಿಗೊಮ್ಮೆ, ಒಬ್ಬೊಬ್ಬರಾಗಿ. ಉಳಿದುಕೊಳ್ಳುವುದು ಬೇಡ. ತಿನ್ನಲು ಏನೂ ತರಬೇಡಿ.

ಸಿಂಚನ


ಸರಸ್ವತಿಪುರಂ, ಮೈಸೂರು
೨೧ ಅಕ್ಟೋಬರ್ ೨೦೨೪

ಶ್ರೀಮತಿ ದೇವಿರಮ್ಮನವರಿಗೆ,

ಸೆಪ್ಟೆಂಬರಿನಲ್ಲಿ ನಾನು ಹೋಗಲಿಲ್ಲ. ತಿಂಗಳಿಗೊಮ್ಮೆ ಎಂದು ಗೊತ್ತುಮಾಡಿಸಿಕೊಂಡು ಮಗನ ಮನೆಗೆ ಹೋಗುವುದು ನನ್ನ ಸ್ವಭಾವಕ್ಕೆ ಒಗ್ಗದು. ನೀವು ಹೋಗಿದ್ದಿರೆಂದು ಶಿವಕುಮಾರ ಹೇಳಿದ. ಹೇಗಿತ್ತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿನ್ನೆ ನಾನು ಹೋದೆ. ಈ ತಿಂಗಳ ನಿಮ್ಮ ಸರದಿ ಮುಂದಿನ ಭಾನುವಾರವಂತೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ, ಬೇರೆ ಉದ್ದೇಶವಿಲ್ಲ.

ಸಿಂಚನಳೇ ಬಾಗಿಲು ತೆಗೆದಳು. “ಬನ್ನಿ ಅತ್ತೆ, ಕೂತ್ಕೊಳಿ. ಆಟೋ ಸುಲಭವಾಗಿ ಸಿಕ್ತಾ?” ಎಂದಳು. ನೆರೆಮನೆಯವರನ್ನು ಮಾತಾಡಿಸುವ ಹಾಗೆ. ಸೊರಗಿದ್ದಾಳೆ, ಆದರೆ ಊತ ಇಲ್ಲ. ನನಗೆ ಕಾಫಿ ತಂದುಕೊಟ್ಟಳು. ಮಗು ಗೋಡೆಯ ಪಕ್ಕ ಚಾಪೆಯ ಮೇಲೆ ಮಲಗಿತ್ತು. ತುಂಬ ಸಣ್ಣದು, ಮುಖ ಮಾತ್ರ ನಿಮ್ಮದು. ಎತ್ತಿಕೊಳ್ಳಲೇ ಎಂದು ಕೇಳಿದೆ. “ಈಗ ತಾನೇ ಮಲಗಿದಾಳೆ ಅತ್ತೆ” ಎಂದಳು.

ನಾನು ಕ್ಷಮೆ ಕೇಳಲಿಲ್ಲ. ಕೇಳುವಂಥದ್ದು ಏನು ಮಾಡಿದ್ದೇನೆಂದು ನನಗೆ ಈಗಲೂ ತಿಳಿಯುತ್ತಿಲ್ಲ. ಹಸಿದವಳಿಗೆ ಅನ್ನ ಕೊಟ್ಟೆ. ನೀವೂ ಕೇಳಿರಲಾರಿರಿ. ನೀವು ಸಾಯಬಾರದೆಂದು ಹೊಟ್ಟೆ ಕಟ್ಟಿಸಿದವರ ಸೊಸೆ ನೀವು.

ಅಷ್ಟರಲ್ಲಿ ಮಗು ಎದ್ದು ಅತ್ತಿತು. ನಾನು ಲೋಟ ಕೆಳಗಿಟ್ಟು, ಕೈ ಚಾಚಿ ಅರ್ಧ ಎದ್ದಿದ್ದೆ. ಸಿಂಚನ ನನಗಿಂತ ಮೊದಲು ಎತ್ತಿಕೊಂಡಳು. “ಹಸಿವು ಅವಳಿಗೆ” ಎಂದಳು. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಶಬ್ದವೂ ಆಯಿತು. ಸ್ವಲ್ಪ ಹೊತ್ತಿಗೆ ಒಳಗೆ ಅಳು ನಿಂತಿತು. ಅವಳು ಹೊರಗೆ ಬರುವವರೆಗೆ ಕಾಯಬೇಕೆಂದುಕೊಂಡೆ. ಬರಲಿಲ್ಲ. ಶಿವಕುಮಾರ ನನ್ನನ್ನು ಆಟೋ ಹತ್ತಿಸಿದ.

ನೀವು ಹೋದಾಗ ಮಗು ಎಚ್ಚರವಾಗಿದ್ದರೆ, ಎತ್ತಿಕೊಳ್ಳಲು ಬಿಟ್ಟರೆ, ಎಷ್ಟು ಭಾರವಾಗಿದ್ದಾಳೆಂದು ನನಗೊಂದು ಸಾಲು ಬರೆಯಿರಿ.

ಇತಿ,
ಸರ್ವಮಂಗಳಾ